ಯ ಅಂದ್ರ ಯಾಡಿ

ಗುರುವಾರದಿಂದ ಒಂದೇ ಮಾತು ತಲೆಯಲ್ಲಿ ತಿರುಗುತ್ತಿದೆ. "ಹಂಗಾದ್ರ ಆಕಿಗಿ ಏನಂತ ಕರೀಬೇಕ್ರಿ?" ಕೇಳಿದವನು ಎರಡನೇ ತರಗತಿಯ ಹುಡುಗ. ಸಿಟ್ಟು ಇರಲಿಲ್ಲ, ಅಳು ಇರಲಿಲ್ಲ. ಗೊತ್ತಿಲ್ಲದ್ದನ್ನು ದೊಡ್ಡವರ ಹತ್ತಿರ ಕೇಳುವ ಹಾಗೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ದಸರಾ ರಜೆಗೆ ಮುಂಚೆ ಮಗಳ ಶಾಲೆಯಲ್ಲಿ ಪೋಷಕರನ್ನು ಕರೆದಿದ್ದರು. ಸಭೆ ಅಂದರೆ ಸುಮ್ನೆ ಭಾಷಣ, ಚಹಾ, ಸಹಿ ಅಂತ ಅಂದುಕೊಂಡು ಹೋಗಿದ್ದೆ. ಆದರೆ ಈ ಸಲ ಹೆಡ್‌ಮಾಸ್ತರು, ಜೂನ್‌ನಿಂದ ಇಲ್ಲಿವರೆಗೆ ಮಕ್ಕಳು ಏನು ಕಲಿತಿದ್ದಾರೆ ಅನ್ನೋದನ್ನ ನೀವೇ ಕೂತು ನೋಡ್ರಿ ಅಂತ ಹೇಳಿ ನಮ್ಮನ್ನು ತರಗತಿಯೊಳಗೇ ಕಳಿಸಿಬಿಟ್ಟರು. ಬಂದವರು ಕಡಿಮೆ. ಹೆಸರು, ಉದ್ದು ರಾಶಿ ಮಾಡುವ ಹೊತ್ತು, ನಡುವೆ ಮಳೆ ಬೇರೆ. ಕೈಗೆ ಬಂದ ಬೆಳೆ ಹೊಲದಲ್ಲಿ ನೆನೆಯುವಾಗ ಯಾರು ಬರ್ತಾರೆ? ಬರದವರ ಬಗ್ಗೆ ಶಾಲಾ ಸಮಿತಿ ಅಧ್ಯಕ್ಷರು ಎರಡು ಮಾತು ಆಡಿದರು, "ಮಕ್ಕಳ ಮ್ಯಾಲ ಕಾಳಜಿ ಇಲ್ಲ" ಅಂತ. ನನಗೆ ಅದು ಸರಿ ಅನಿಸಲಿಲ್ಲ. ಅಧ್ಯಕ್ಷರಿಗೆ ಕೂಲಿಯವರನ್ನು ಹಚ್ಚುವ ಶಕ್ತಿ ಇದೆ, ಎಲ್ಲರಿಗೂ ಇರೋದಿಲ್ಲ.

ಮೊದಲು ನಾಲ್ಕು, ಐದನೇ ತರಗತಿಗೆ ಹೋದೆ. ಅದನ್ನು ಹೇಳಲೇಬೇಕು, ಯಾಕಂದರೆ ಅಲ್ಲಿ ನೋಡಿದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತು. ಅಳತೆ ಪಾಠ ನಡೆದಿತ್ತು. ಲೀಟರ್, ಕಿಲೋ, ಮೀಟರ್. ಒಬ್ಬ ಹುಡುಗಿ ಎದ್ದು ನಿಂತು, ನಮ್ಮನೆಯಲ್ಲಿ ಲೀಟರ್ ಇಲ್ಲ, ಸೇರು ಇದೆ ಅಂತ ಹಿಂದಿನ ವಾರ ಹೇಳಿದ್ದಳಂತೆ. ಸರ್ ಅವಳನ್ನು ಕೂರಿಸಲಿಲ್ಲ. "ಹಂಗಾದ್ರ ನಾಳಿ ಸೇರು ತೊಗೊಂಬಾ" ಅಂದರಂತೆ. ಅಜ್ಜಿಯ ಕಾಲದ ಹಿತ್ತಾಳೆ ಸೇರು, ಬಾಯಿ ಒಂದು ಕಡೆ ಸ್ವಲ್ಪ ನೆಗ್ಗಿದೆ, ಮೇಜಿನ ಮೇಲೆ ಇತ್ತು. ಪಕ್ಕದಲ್ಲಿ ಕಿರಾಣಿ ಅಂಗಡಿಯಿಂದ ಕೇಳಿ ತಂದ ತಕ್ಕಡಿ. ಸೇರು ತುಂಬ ಜೋಳ ಅಳೆದು ತೂಗಿದರು. ಆಮೇಲೆ ಅದೇ ಸೇರು ತುಂಬ ಸಿಪ್ಪೆ ಸಮೇತ ಶೇಂಗಾ. ಶೇಂಗಾದ ತಟ್ಟೆ ಮೇಲೆ ಹೋಗಿಬಿಟ್ಟಿತು. ಹಿಂದಿನ ಸಾಲಿನ ಹುಡುಗನೊಬ್ಬ "ಸರ್ ರೀ, ಸೇರು ಒಂದೇ ಅದ, ತೂಕ ಬ್ಯಾರೆ ಅದ!" ಅಂತ ಕೂಗಿದ. ಯಾಕೆ ಅಂತ ಸರ್ ಹೇಳಲಿಲ್ಲ, ಮಕ್ಕಳನ್ನೇ ಕೇಳಿದರು. ಒಬ್ಬಳು ಶೇಂಗಾ ಸುಲಿದು ತೋರಿಸಿ "ಒಳಗ ಖಾಲಿ ಜಾಗ ಅದ ರೀ" ಅಂದಳು. ಗಾತ್ರ ಬೇರೆ, ತೂಕ ಬೇರೆ ಅನ್ನೋದು ನನಗೆ ಹೈಸ್ಕೂಲಿಗೆ ಬಂದಮೇಲೂ ಬಾಯಿಪಾಠವಾಗಿಯೇ ಇತ್ತು. ಈ ಮಕ್ಕಳಿಗೆ ಒಂದು ಮುಷ್ಟಿ ಶೇಂಗಾದಲ್ಲಿ ಬಂದುಬಿಟ್ಟಿತು. ಗೋಡೆ ಮೇಲೆ ಕಾಗದದ ದುಂಡು ರೊಟ್ಟಿಗಳನ್ನು ಅರ್ಧ, ಕಾಲು, ಮುಕ್ಕಾಲು ಅಂತ ಕತ್ತರಿಸಿ ಅಂಟಿಸಿದ್ದರು. ರೊಟ್ಟಿಯ ಮೇಲೆ ಸ್ಕೆಚ್ ಪೆನ್ನಿನಿಂದ ಸಣ್ಣ ಸಣ್ಣ ಎಳ್ಳು ಬೇರೆ.

ಅಲ್ಲೇ ಒಬ್ಬರು ತಂದೆ "ಇದೆಲ್ಲ ಖರೆ, ಇಂಗ್ಲಿಷ್ ಯಾವಾಗ?" ಅಂತ ಮೂರು ಸಲ ಕೇಳಿದರು. ಅವರ ಆತಂಕ ನನಗೂ ಇದೆ, ಇಲ್ಲ ಅನ್ನೋದಿಲ್ಲ. ಆದರೆ ತಕ್ಕಡಿ ಮುಂದೆ ಮಗಳು ನಿಂತಿದ್ದಾಗ ಒಂದು ಸಲನಾದರೂ ಆ ಕಡೆ ನೋಡಬಹುದಿತ್ತು.

ಆಮೇಲೆ ನಲಿ-ಕಲಿ ಕೋಣೆಗೆ ಬಂದೆ. ಒಂದು, ಎರಡು, ಮೂರನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ. ನೆಲಕ್ಕೆ ನಮ್ಮ ಶಹಾಬಾದ್ ಕಲ್ಲು, ಮಳೆಯ ದಿನ ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರ, ಕಾಗದದ ಹೂ, ಗಿಳಿ. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಚೌಕ ಮಾಡಿಕೊಟ್ಟಿದ್ದಾರೆ, ಮಗು ಕೂತಲ್ಲೇ ಬರೆಯಬಹುದು. 1995ರಲ್ಲಿ ಮೈಸೂರು ಕಡೆ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಕೊಂಡು ಬಂದು ಇಲ್ಲಿನ ಮೇಷ್ಟ್ರುಗಳೇ ಕೂತು ಕಾರ್ಡು, ಆಟ, ಹಾಡು ಮಾಡಿದ್ದು. ಕಲಿಕೆಗೆ ಒಂದು ಏಣಿ ಇದೆ. ಪ್ರತಿ ಮಗು ತನ್ನ ಮೆಟ್ಟಿಲು ತಾನೇ ಹತ್ತುತ್ತದೆ. ಎರಡು ವಾರ ಹೊಲಕ್ಕೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಅಕ್ಷರವನ್ನೂ ಇವರು ಅ, ಆ, ಇ, ಈ ಅಂತ ಶುರು ಮಾಡೋದಿಲ್ಲ. ಮೊದಲು ರ, ಗ, ಸ, ದ, ಅ. ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಓದುತ್ತದೆ. ನನ್ನ ಮಗಳು ಮೊದಲ ತಿಂಗಳೇ ಬಸ್‌ಸ್ಟ್ಯಾಂಡಿನಲ್ಲಿ ಗದಗ ಬಸ್ಸಿನ ಬೋರ್ಡು ಓದಿ ಕುಣಿದಿದ್ದಳು. ಆಮೇಲೆ ಜ, ವ, ಮ, ಬ, ನ. ಅದರ ಹಿಂದೆ ಪ, ಯ.

ಆ ದಿನ ಯ ಮೇಲೆ ಆಟ ನಡೆದಿತ್ತು. ಟೀಚರು ಯ ಕಾರ್ಡು ಎತ್ತಿ ಹಿಡಿದು, ಯ, ಯಾ, ಯಿ ಯಾವುದಾದರೂ ಸರಿ, ಶುರುವಿಗೆ ಬರುವ ಪದ ಹೇಳ್ರಿ ಅಂದರು. ಯಜಮಾನ ಅಂತ ಒಬ್ಬ, ಯಂತ್ರ ಅಂತ ಒಬ್ಬಳು, ಯಾದಗಿರಿ ಅಂತ ನನ್ನ ಮಗಳು. ಅವಳ ಸೋದರತ್ತೆ ಊರು ಅದು. ಗೋಡೆಗೆ ಒರಗಿ ಕೂತಿದ್ದ ಸಣ್ಣ ಹುಡುಗ, ನನ್ನ ಮೊಣಕಾಲಿನ ಪಕ್ಕದಲ್ಲೇ ಇದ್ದ, ಕೈ ಎತ್ತದೆ ಮೆಲ್ಲಗೆ "ಯಾಡಿ" ಅಂದ.

ಎರಡು ಮಕ್ಕಳು ನಕ್ಕವು. ಟೀಚರು ಆ ಕಡೆ ಇದ್ದರು, ಅವರಿಗೆ ಕೇಳಿಸಲಿಲ್ಲ. ಸಹಾಯ ಮಾಡೋಣ ಅಂತ ನಾನೇ ಬಗ್ಗಿ ಹೇಳಿದೆ: "ಅದು ಕನ್ನಡ ಅಲ್ಲಪಾ, ಬ್ಯಾರೆ ಹೇಳು."

ಅವನು ನನ್ನ ಮುಖ ನೋಡಿದ. "ನಮ್ಮವ್ವಗ ಯಾಡಿ ಅಂತೀನ್ರಿ."

"ಹೌದು, ಆದ್ರ ಅದು ಕನ್ನಡದಾಗ ಬರಲ್ಲ."

"ಹಂಗಾದ್ರ ಆಕಿಗಿ ಏನಂತ ಕರೀಬೇಕ್ರಿ?"

ಈ ನಾಲ್ಕು ಸಾಲನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿದ್ದೇನೋ ಲೆಕ್ಕ ಇಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ, ರಾತ್ರಿ ನಿದ್ದೆ ಬರದೆ. ಅವನ ಕೈಯಲ್ಲಿ ಸೀಮೆಸುಣ್ಣದ ಸಣ್ಣ ತುಂಡು ಇತ್ತು. ನಾನು ಕನ್ನಡ ಅಲ್ಲ ಅಂದ ಕೂಡಲೇ ಅದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡ. ಅಷ್ಟೇ. ಬೇರೆ ಏನೂ ಮಾಡಲಿಲ್ಲ.

ಟೀಚರು ಅಷ್ಟರಲ್ಲಿ ಬಂದರು. ಹೊಸ ಟೀಚರು ಅವರು, ಬಾಗಲಕೋಟೆ ಕಡೆಯವರು, ಮೂವತ್ತೂ ಆಗಿರಲಿಕ್ಕಿಲ್ಲ. ಇಷ್ಟು ಚಿಕ್ಕವರು ಮೂರು ತರಗತಿ ಒಟ್ಟಿಗೆ ಹೆಂಗೆ ನೋಡ್ತಾರೋ ಅಂತ ಜೂನ್‌ನಲ್ಲಿ ನಾನೇ ಅನುಮಾನ ಪಟ್ಟಿದ್ದೆ. ಏನಾಯ್ತು ಅಂತ ಕೇಳಿದರು. ಅವನು ಹೇಳಲಿಲ್ಲ, ನನ್ನ ಮಗಳು ಹೇಳಿದಳು. ಟೀಚರು ನನ್ನ ಕಡೆ ನೋಡಲೂ ಇಲ್ಲ. ಅದು ಅವರ ದೊಡ್ಡತನ. ಎಲ್ಲರಿಗೂ ಕೇಳುವ ಹಾಗೆ "ನಿಮ್ಮ ನಿಮ್ಮ ಮನ್ಯಾಗ ಅವ್ವಗ ಏನಂತೀರಿ? ಒಬ್ಬೊಬ್ಬರೇ ಹೇಳ್ರಿ" ಅಂದರು.

ಅವ್ವ. ಯವ್ವ. ಅಮ್ಮ. ಮಮ್ಮಿ. ಅಮ್ಮಿ ಅಂತ ಎರಡು ಮಕ್ಕಳು. ಆಳಂದ ಕಡೆಯಿಂದ ಬಂದ ಮನೆಯ ಹುಡುಗಿ ಆಯಿ ಅಂದಳು. ಟೀಚರು ಒಂದೊಂದನ್ನೂ ಬೋರ್ಡಿನ ಮೇಲೆ ಬರೆಯುತ್ತ ಹೋದರು. ಕೊನೆಗೆ ಅವನ ಹತ್ತಿರ ಬಂದು, ನೀನೇ ಬರಿ ಅಂತ ಅವನ ಚೌಕ ತೋರಿಸಿದರು. ಮುಷ್ಟಿ ಬಿಚ್ಚಿದ. ಮೊದಲು ಯಡ ಅಂತ ಬರೆದ. "ಯಕ್ಕ ಇಳಿ ಕೊಡು, ಡಕ್ಕ ಗುಡಿಸು ಹಾಕು" ಅಂದರು. ನಾಲಿಗೆ ಹೊರಗೆ ಚಾಚಿ, ಬಹಳ ಹೊತ್ತು ತೊಗೊಂಡು, ಇಳಿ ಎಳೆದ, ಗುಡಿಸು ತಿರುವಿದ. ಯಾಡಿ. ಗುಡಿಸು ಜರಾ ದೊಡ್ಡದಾಗಿ ಪಕ್ಕದ ಹುಡುಗಿಯ ಚೌಕಕ್ಕೆ ಹೋಯಿತು. ಅವಳು ಸುಮ್ಮನೆ ಬಿಟ್ಟಳು.

ಊಟದ ಹೊತ್ತಿಗೆ ವರಾಂಡದಲ್ಲಿ ಅವನ ಅಜ್ಜಿ ಸಿಕ್ಕರು. ಸಭೆಗೆ ಅಂತ ಲಂಬಾಣಿ ತಾಂಡಾದಿಂದ ಮಳೆಯಲ್ಲಿ ನಡೆದು ಬಂದಿದ್ದರು, ಒಳಗೆ ಬರದೆ ಬಾಗಿಲಲ್ಲೇ ಕೂತಿದ್ದರು. ಅಪ್ಪ ಅವ್ವ ಇಬ್ಬರೂ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಯುಗಾದಿ ಆದಮೇಲೆ ಹೋದವರು ದೀಪಾವಳಿಗೆ ಬರ್ತಾರೆ ಅಂದರು. ನಾನು ತಲೆ ತಗ್ಗಿಸಿದೆ. ಆರು ತಿಂಗಳಿಂದ ಮುಖ ನೋಡದ ತಾಯಿ. ಯ ಅಂದ ಕೂಡಲೇ ಅವನಿಗೆ ಬೇರೆ ಯಾವ ಪದ ಹೊಳೆಯಬೇಕಿತ್ತು?

ನನಗೂ ಒಂದು ಕೆಂಪು ಗೀಟು ನೆನಪಿದೆ. ಮೂರನೇ ತರಗತಿಯಲ್ಲಿ ಐದು ವಾಕ್ಯ ಬರೀರಿ ಅಂದಾಗ "ನಾ ದಿನಾ ಸಾಲಿಗಿ ಹೋಗ್ತೀನಿ" ಅಂತ ಬರೆದಿದ್ದೆ. ಸಾಲಿ ಅನ್ನೋದರ ಮೇಲೆ ಮಾಸ್ತರು ಎಷ್ಟು ಜೋರಾಗಿ ಗೀಟು ಎಳೆದಿದ್ದರು ಅಂದರೆ ಹಾಳೆ ಹರಿದಿತ್ತು. ಮನೆಯಲ್ಲಿ, ಓಣಿಯಲ್ಲಿ, ದೇವಸ್ಥಾನದಲ್ಲಿ ಎಲ್ಲರೂ ಸಾಲಿ ಅಂತಲೇ ಅನ್ನುತ್ತಿದ್ದರು. ಅಂದರೆ ನಮ್ಮವರೆಲ್ಲ ತಪ್ಪು ಅಂತ ಆಯಿತಲ್ವಾ? ಆಮೇಲೆ ಎಷ್ಟೋ ವರ್ಷ ಬೆಂಗಳೂರು ಕಡೆಯವರ ಮುಂದೆ ಬಾಯಿ ಬಿಡುವ ಮೊದಲು ಪದ ಹುಡುಕುತ್ತಿದ್ದೆ. ಆ ಗೀಟು ನನ್ನ ಮೇಲೆ ಬಿದ್ದಾಗ ನೋವಾಗಿತ್ತು, ಅದನ್ನೇ ತೆಗೆದುಕೊಂಡು ಹೋಗಿ ಇನ್ನೊಂದು ಮಗುವಿನ ಮೇಲೆ ಎಳೆದೆನಲ್ಲ ಅನ್ನೋದೇ ಸಂಕಟ.

ಮಳಖೇಡ ನಮಗೆ ದೂರವೇನಲ್ಲ, ಸೇಡಂ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಅದು. ಒಂಬತ್ತನೇ ಶತಮಾನದಲ್ಲಿ ಅದೇ ಅರಮನೆಯ ಆಸರೆಯಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲಿ, ಕನ್ನಡಗಳು ಎಷ್ಟು ಬಗೆ ಅಂದರೆ ವಾಸುಕಿಗೂ ಅವನ್ನೆಲ್ಲ ತಿಳಿಯಲಾಗದೆ ಬೇಸರ ಬರುತ್ತದೆ ಅನ್ನುವ ಮಾತಿದೆ. ಕನ್ನಡಗಳು, ಒಂದಕ್ಕಿಂತ ಜಾಸ್ತಿ. ಸಾವಿರ ವರ್ಷ ದಾಟಿದ ಮಾತು. ಅದೇ ಮಳಖೇಡದಲ್ಲಿ 2023ರ ಜನವರಿಯಲ್ಲಿ 50,000ಕ್ಕೂ ಜಾಸ್ತಿ ತಾಂಡಾ ಕುಟುಂಬಗಳಿಗೆ ಮನೆ ಜಾಗದ ಹಕ್ಕುಪತ್ರ ಕೊಟ್ಟರು. ತಲೆತಲಾಂತರದಿಂದ ಕೂತ ನೆಲ ಕಾಗದದ ಮೇಲೆ ಅವರದಾಯಿತು. ಒಳ್ಳೆಯದು, ತುಂಬಾ ತಡವಾಗಿ ಆದ ಒಳ್ಳೆಯದು. ಆದರೆ ಆ ಮನೆಯೊಳಗೆ ಆಡುವ ಮಾತಿಗೆ ಇನ್ನೂ ಜಾಗ ಸಿಕ್ಕಿಲ್ಲ. ಲಂಬಾಣಿಗರ ಮಾತಾದ ಗೋರ್‌ಬೋಲಿಗೆ ಸ್ವಂತ ಲಿಪಿ ಇಲ್ಲ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಅದು ಇಲ್ಲ. ನಮ್ಮ ಕಡೆ ಬರೆದರೆ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. 2020ರ ಶಿಕ್ಷಣ ನೀತಿಯಲ್ಲಿ ಸಾಧ್ಯವಾದ ಕಡೆ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಿ ಅಂತ ಇದೆ. ಆ ಸಾಧ್ಯವಾದ ಕಡೆ ಅನ್ನೋದು ತಾಂಡಾದವರೆಗೆ ಯಾವಾಗ ನಡೆದು ಬರುತ್ತದೆ?

ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಹುಡುಗ ಕನ್ನಡ ಚೆನ್ನಾಗಿ ಕಲೀಬೇಕು, ಕಲೀತಾನೆ, ನನ್ನ ಜೊತೆ ಮಾತಾಡಿದ್ದು ಕನ್ನಡದಲ್ಲೇ ತಾನೆ? ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಓಣಿಯಲ್ಲಿ ಉರ್ದು ಗೆಳೆಯರ ಜೊತೆ ಇನ್ನೊಂದು. ಏಳು ವರ್ಷಕ್ಕೆ ಮೂರು ಭಾಷೆ. ಇದೇ ಕೆಲಸವನ್ನು ದೊಡ್ಡ ಊರಿನ ಮಗು ಫೀಸು ಕಟ್ಟಿ ಮಾಡಿದರೆ ನಾವು ಜಾಣ ಅಂತೀವಿ. ಇವನಿಗೆ ಹಿಂದುಳಿದವನು ಅಂತೀವಿ.

ಆ ದಿನ ರಾತ್ರಿ ಮಗಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅವ್ವ, ಯವ್ವ, ಅಮ್ಮ, ಮಮ್ಮಿ, ಅಮ್ಮಿ, ಆಯಿ, ಯಾಡಿ ಅಂತ ಬರೆದು ತಂದು ತೋರಿಸಿದಳು. "ಇವೆಲ್ಲ ನೀನೇ" ಅಂದಳು.

ಶನಿವಾರ ಬೆಳಗಿನ ಶಾಲೆ. ಬಿಡೋಕೆ ಹೋದಾಗ ಅವನು ಗೇಟಿನ ಹತ್ತಿರ ನಿಂತಿದ್ದ. ಸಣ್ಣ ಮಗುವಿನ ಹತ್ತಿರ ತಪ್ಪಾಯ್ತು ಅಂತ ಹೆಂಗೆ ಹೇಳೋದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ, ಎದುರಿಗೆ ಬಂದಾಗ ಬಾಯಿಗೆ ಬಂದದ್ದು ಬೇರೆ. "ನಿಮ್ಮ ಮಾತಿನ್ಯಾಗ ನೀರಿಗಿ ಏನಂತಾರಪಾ?" ಅಂದೆ.

"ಪಾಣಿ."

"ರೊಟ್ಟಿಗಿ?"

"ಬಾಟಿ."

"ಬಾಟಿ" ಅಂತ ನಾನೂ ಹೇಳಿದೆ.

ಅವನು ತಲೆ ಅಲ್ಲಾಡಿಸಿದ. "ಹಂಗಲ್ರಿ, ಇನ್ನೊಮ್ಮೆ ಅನ್ರಿ." ಎರಡು ಸಲ ಹೇಳಿಸಿದ. ಎರಡನೇ ಸಲ ಸರಿ ಅನಿಸಿತೋ ಏನೋ, ಅಷ್ಟರಲ್ಲಿ ಪ್ರಾರ್ಥನೆ ಗಂಟೆ ಹೊಡೆಯಿತು, ಚೀಲ ಬೆನ್ನಿಗೆ ಬಡಿಯುತ್ತ ಒಳಗೆ ಓಡಿದ.