ದೂರಕ್ಕೆ ಎಸೆಯದ ಗಾಳ

ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಮೇ ತಿಂಗಳು ಬಂತೆಂದರೆ ಹಳದಿ ರೆಕ್ಕೆಯ ಬ್ರೀಮ್ ಮೀನುಗಳು ಅಳಿವೆಗಳನ್ನು ಬಿಟ್ಟು ತೆರೆದ ಕಡಲಿನ ಅಂಚಿಗೆ ಬರತೊಡಗುತ್ತವೆ. ವರ್ಷದ ಬಹುಭಾಗವನ್ನು ಹಿನ್ನೀರಿನಲ್ಲಿ, ಸಿಂಪಿಗಳು ಅಂಟಿಕೊಂಡ ಬಂಡೆಗಳ ಸಂದಿಯಲ್ಲಿ ಕಳೆಯುವ ಈ ಮೀನು ಚಳಿಗಾಲದಲ್ಲಿ ಮೊಟ್ಟೆಯಿಡುವುದಕ್ಕೆಂದು ನದಿಗಳು ಸಮುದ್ರ ಸೇರುವಲ್ಲಿ ನೆರೆಯುತ್ತದೆ. ಆ ಓಡಾಟದಲ್ಲಿ ಮರಳ ತೀರಗಳ ಉದ್ದಕ್ಕೂ ಮೇಯುತ್ತ ಸಾಗುತ್ತದೆ. ನ್ಯೂಕ್ಯಾಸಲ್‌ನಲ್ಲಿ ನೆಲೆಸಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ವರ್ಷವಿಡೀ ಈ ಕಾಲಕ್ಕಾಗಿಯೇ ಕಾಯುವವರು. ಸಿಡ್ನಿಯಿಂದ ಅವರ ಮನೆಗೆ ಹೋಗಿದ್ದ ನನ್ನನ್ನು ಒಂದು ಭಾನುವಾರ ಬೆಳಗಿನ ತಿಂಡಿ ಮುಗಿಯುತ್ತಲೇ ಹೊರಡಿಸಿದರು. ಅಳಿವೆಯ ದಕ್ಕೆಯ ಮೇಲೆ ಕುಳಿತು ಬ್ರೀಮ್ ಹಿಡಿದ ಅನುಭವ ನನಗಿತ್ತು. ತೆರೆಗಳೆದುರು ನಿಂತು ಹಿಡಿದ ಅನುಭವವಿರಲಿಲ್ಲ.

ಸ್ಟಾಕ್ಟನ್ ಕಡಲತೀರ ನ್ಯೂಕ್ಯಾಸಲ್ ಬಂದರಿನ ಉತ್ತರ ದಡದಿಂದ ಅನ್ನಾ ಬೇವರೆಗೆ ಸುಮಾರು 32 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅದರ ಬೆನ್ನಿಗಿರುವ ಮರಳ ಗುಡ್ಡಗಳ ಬಹುಭಾಗ ಇಂದು ಇಲ್ಲಿನ ಮೂಲನಿವಾಸಿಗಳಾದ ವರಿಮಿ ಜನರ ಒಡೆತನದ ಸಂರಕ್ಷಿತ ಪ್ರದೇಶವಾಗಿದ್ದು, ವಾಹನದೊಂದಿಗೆ ತೀರಕ್ಕೆ ಇಳಿಯುವವರು ಮೊದಲೇ ಪರವಾನಗಿ ಪಡೆದಿರಬೇಕು. ವಿಲಿಯಮ್‌ಟೌನ್ ಬಳಿಯ ಲೇವಿಸ್ ಲೇನ್‌ನಲ್ಲಿ ಭಾವ ಟೈರುಗಳ ಗಾಳಿ ಇಳಿಸಿ, ಗಾಡಿಯನ್ನು ಮರಳಿಗೆ ಇಳಿಸಿದರು. 1974ರ ಮೇ ತಿಂಗಳಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳಲು ಬಂದಿದ್ದ ನಾರ್ವೆಯ ಸಿಗ್ನಾ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ದಡಕ್ಕೇರಿದ್ದು ಇದೇ ತೀರದಲ್ಲಿ. ಅದರ ಹಿಂಭಾಗ ದಶಕಗಳ ಕಾಲ ಅಲೆಗಳ ನಡುವೆ ತುಕ್ಕು ಹಿಡಿಯುತ್ತ ನಿಂತಿದ್ದು, 2016ರಲ್ಲಿ ನೀರಿನ ಮೇಲೆ ಕಾಣುತ್ತಿದ್ದ ಭಾಗವೂ ಬಹುಮಟ್ಟಿಗೆ ಕುಸಿಯಿತು. ಗಾಳ ಹಾಕುವವನಿಗೆ ಈ ಕಥೆಯಲ್ಲಿ ಮುಖ್ಯವಾದುದು ಒಂದೇ: ಅಷ್ಟು ದೊಡ್ಡ ಹಡಗನ್ನು ಎತ್ತಿ ಒಗೆದ ಸಮುದ್ರ ಇಲ್ಲಿನ ಮರಳನ್ನು ಒಂದೆಡೆ ನಿಲ್ಲಗೊಡುವುದಿಲ್ಲ. ಕಳೆದ ತಿಂಗಳು ಮೀನು ಸಿಕ್ಕ ಜಾಗವನ್ನು ಗುರುತಿಟ್ಟುಕೊಂಡು ಬಂದವನಿಗೆ ಅಲ್ಲಿ ಮೊಣಕಾಲುದ್ದದ ನೀರು ಕಂಡರೆ ಆಶ್ಚರ್ಯವಿಲ್ಲ.

ಆದ್ದರಿಂದಲೇ ನಾವು ಗಾಳದ ಕೋಲುಗಳನ್ನು ಗಾಡಿಯಲ್ಲೇ ಬಿಟ್ಟು, ಇಳಿತದ ಹೊತ್ತಿನಲ್ಲಿ ಒಂದು ಮರಳ ದಿಬ್ಬವನ್ನು ಹತ್ತಿದೆವು. ನೀರಿನ ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಮೇಲಿನಿಂದ ನೋಡಿದಾಗ, ಕೆಳಗೆ ನಿಂತವನಿಗೆ ಬರಿಯ ನೊರೆಯಾಗಿ ಕಾಣುವ ಸಮುದ್ರ ಪಟ್ಟೆಪಟ್ಟೆಯಾಗಿ ಬಿಡಿಸಿಕೊಳ್ಳುತ್ತದೆ. ಹೊರಗಡೆ ಅಲೆಗಳು ಒಂದೇ ಸಾಲಿನಲ್ಲಿ ಮುರಿದು ಬೆಳ್ಳಗಾಗುವ ಕಡೆ ನೀರಿನಡಿಯಲ್ಲಿ ಮರಳ ದಂಡೆಯಿದೆ ಎಂದು ತಿಳಿಯಬೇಕು. ಅದರ ಒಳಮಗ್ಗುಲಲ್ಲಿ ಅಲೆ ಎದ್ದರೂ ಮುರಿಯದೆ ಸಾಗುವ ಕಡುಹಸಿರು ಪಟ್ಟೆಯೊಂದು ದಡಕ್ಕೆ ಸಮಾನಾಂತರವಾಗಿ ಹರಿದಿರುತ್ತದೆ. ಇಲ್ಲಿನ ಗಾಳಗಾರರು ಗಟರ್ ಎನ್ನುವ ಆಳದ ಓಣಿ ಇದೇ. ದಂಡೆಯ ಮೇಲೆ ಮುರಿದ ಅಲೆ ಮರಳನ್ನು ಕೆದಕಿ, ಅದರಲ್ಲಿ ಅಡಗಿದ್ದ ಚಿಪ್ಪುಜೀವಿಗಳನ್ನೂ ಹುಳುಗಳನ್ನೂ ಸಣ್ಣ ಏಡಿಗಳನ್ನೂ ಈ ಓಣಿಗೆ ತಂದು ಸುರಿಯುತ್ತದೆ. ನೊರೆಯ ಮರೆಯಲ್ಲಿ, ಹದ್ದಿನ ಕಣ್ಣಿಗೂ ದೊಡ್ಡ ಮೀನಿನ ಕಣ್ಣಿಗೂ ಬೀಳದೆ ಬ್ರೀಮ್ ಅಲ್ಲಿ ಮೇಯುತ್ತದೆ. ಭಾವ ದಿಬ್ಬದ ಮೇಲೆ ಬಹಳ ಹೊತ್ತು ಕುಳಿತು, ಒಂದು ತುದಿ ಮುಚ್ಚಿಕೊಂಡು ಇನ್ನೊಂದು ತುದಿ ಸಮುದ್ರಕ್ಕೆ ತೆರೆದುಕೊಂಡಿದ್ದ ಒಂದು ಓಣಿಯನ್ನು ಆರಿಸಿದರು. ಉಬ್ಬರ ಏರಿದಂತೆ ಮೀನು ಆ ಬಾಯಿಯಿಂದ ಒಳಗೆ ಬಂದು, ಮುಚ್ಚಿದ ತುದಿಯವರೆಗೂ ಹುಡುಕುತ್ತ ಹೋಗುತ್ತದೆ ಎಂಬುದು ಅವರ ಲೆಕ್ಕ.

"ಸಂಜೆ ಇದೆಲ್ಲ ತುಂಬಿಕೊಂಡ ಮೇಲೆ ನಿನಗೆ ಏನೂ ಕಾಣಲ್ಲ. ಈಗಲೇ ಕಣ್ಣಲ್ಲಿ ತುಂಬ್ಕೋ," ಎಂದರು.

ಇಳಿತದ ಮಿಕ್ಕ ಹೊತ್ತೆಲ್ಲ ಎರೆ ಕೂಡಿಸುವುದರಲ್ಲಿ ಕಳೆಯಿತು, ಮತ್ತು ನನ್ನ ಮಟ್ಟಿಗೆ ಆ ದಿನದ ಸೊಗಸೆಲ್ಲ ಅಲ್ಲಿಯೇ ಇತ್ತು. ಪಿಪಿ ಎಂಬ ಚಿಪ್ಪುಜೀವಿಗಾಗಿ ಹೆಚ್ಚು ಹುಡುಕಬೇಕಾಗಿಲ್ಲ. ಒದ್ದೆ ಮರಳಿನಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ಉಬ್ಬುಗಳ ಪಕ್ಕ ಹಿಮ್ಮಡಿಯೂರಿ ಅತ್ತಿತ್ತ ತಿರುಗಿದರೆ ಗಟ್ಟಿಯಾದ ಚಿಪ್ಪು ಪಾದಕ್ಕೆ ತಾಗುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಹವ್ಯಾಸಿಗಳು ಪಿಪಿಯನ್ನು ಎರೆಗಾಗಿ ಮಾತ್ರ ತೆಗೆಯಬಹುದು, ತಿನ್ನುವುದಕ್ಕೆ ಒಯ್ಯುವಂತಿಲ್ಲ. ಒಬ್ಬರಿಗೆ 50ರ ಮಿತಿ, ಅದೂ ಉಬ್ಬರದ ಗೆರೆಯಿಂದ 50 ಮೀಟರ್ ಆಚೆಗೆ ಸಾಗಿಸಬಾರದು. ವರಿಮಿ ಜನರು ಸಾವಿರಾರು ವರ್ಷಗಳಿಂದ ಇದನ್ನು ತಿಂದು ಬಿಟ್ಟ ಚಿಪ್ಪಿನ ರಾಶಿಗಳು ಹಿಂದಿನ ಮರಳ ಗುಡ್ಡಗಳಲ್ಲಿ ಇಂದಿಗೂ ಇವೆ. ನಮಗೆ ಬೇಕಾದದ್ದು ಒಂದು ಬೊಗಸೆಯಷ್ಟು. ಅಷ್ಟು ಸಿಕ್ಕಿದ ಮೇಲೆ ಭಾವ ಹುಳುವಿನ ಕೆಲಸಕ್ಕೆ ಕೈಹಾಕಿದರು.

ಕಡಲ ಹುಳುವನ್ನು ಹಿಡಿಯುವುದಕ್ಕೆ ಬಲೆಯ ಚೀಲದಲ್ಲಿ ಕೊಳೆತ ಮೀನಿನ ತಲೆ, ಮುಳ್ಳುಗಳನ್ನು ಕಟ್ಟಿ ತರುತ್ತಾರೆ. ಅದರ ನಾತದಿಂದಾಗಿ ಅಕ್ಕ ಆ ಚೀಲವನ್ನು ಗಾಡಿಯೊಳಗೆ ಸೇರಿಸುವುದೇ ಇಲ್ಲವಾದ್ದರಿಂದ ಅದು ಗಾಡಿಯ ತಲೆಯ ಮೇಲೆ ಕುಳಿತು ಬಂದಿತ್ತು. ಅಲೆ ಏರಿ ಹಿಂದಕ್ಕೆ ಸರಿಯುವ ತೆಳುನೀರಿನಲ್ಲಿ ಆ ಚೀಲವನ್ನು ಎಳೆದಾಗ, ಮರಳೊಳಗಿನ ಹುಳು ವಾಸನೆ ಹಿಡಿದು ತಲೆಯನ್ನು ಒಂದಿಷ್ಟು ಹೊರಗೆ ಚಾಚುತ್ತದೆ. ಸರಿಯುವ ನೀರು ಆ ತಲೆಗೆ ತಾಗಿ ಎರಡಾಗಿ ಸೀಳಿ, ಸಣ್ಣದೊಂದು ಬಾಣದ ಮೊನೆಯ ಗುರುತು ಮೂಡುತ್ತದೆ. ಅದು ಕಂಡ ಕೂಡಲೇ ಓಡಬಾರದು. ನೆರಳು ಅದರ ಮೇಲೆ ಬೀಳದಂತೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ಪಿಪಿಯ ಮಾಂಸದ ತುಂಡೊಂದನ್ನು ಎಡಗೈಯಲ್ಲಿ ಅದರ ಬಾಯಿಗೆ ಒಡ್ಡಬೇಕು. ಹುಳು ಅದನ್ನು ಕಚ್ಚಿ ತನ್ನತ್ತ ಎಳೆದುಕೊಳ್ಳುವುದಕ್ಕೆ ಕುತ್ತಿಗೆಯನ್ನು ಬಿಲ್ಲಾಗಿ ಬಾಗಿಸುವ ಕ್ಷಣವೊಂದಿದೆ. ಆ ಕ್ಷಣದಲ್ಲಿ ಮಾತ್ರ ಅದರ ಹಿಡಿತ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳುಗಳನ್ನು ಮೊದಲೇ ಮರಳೊಳಗೆ ಅದರ ಎರಡೂ ಮಗ್ಗುಲಿಗೆ ಇಳಿಸಿಟ್ಟುಕೊಂಡವನಿಗೆ ಅದು ಸಿಗುತ್ತದೆ. ಒಂದು ಅರೆಗಳಿಗೆ ತಡವಾದರೂ ಬೆರಳುಗಳ ನಡುವೆ ಮರಳು ಮಾತ್ರ ಉಳಿಯುತ್ತದೆ, ಅರೆಗಳಿಗೆ ಬೇಗನಾದರೆ ತಲೆಯಷ್ಟೇ ಕಿತ್ತು ಬರುತ್ತದೆ. ಭಾವನ ಕೈಗೆ ಬಂದ ಮೊದಲ ಹುಳು ಒಂದೇ ಸಮನೆ ಎಳೆದಂತೆಲ್ಲ ಬರುತ್ತಲೇ ಇದ್ದು, ಕೊನೆಗೆ ಅವರ ಎದೆಯುದ್ದ ನೇತಾಡಿತು. ಈ ಹುಳುಗಳು ಎರಡು ಮೀಟರ್ ಮೀರಿಯೂ ಬೆಳೆಯುತ್ತವೆ. ಒಣ ಮರಳಿನಲ್ಲಿ ಹೊರಳಿಸಿ ಲೋಳೆಯನ್ನು ಒರೆಸಿ, ಡಬ್ಬಿಗೆ ಹಾಕಿಕೊಂಡೆವು.

ಸಲಕರಣೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಭಾವನ ರೀಲ್, ಅಂದರೆ ದಾರ ಸುತ್ತುವ ಚಕ್ರ, ಆಲ್ವಿ; 1920ರಿಂದ ಬ್ರಿಸ್ಬೇನ್‌ನಲ್ಲಿ ತಯಾರಾಗಿ ಆಸ್ಟ್ರೇಲಿಯದ ಕಡಲತೀರಗಳಲ್ಲಿ ಮನೆಮಾತಾದ ಹೆಸರು. ಗಾಳ ಎಸೆಯುವಾಗ ಅದರ ಚಕ್ರವನ್ನು ಕಾಲುಸುತ್ತು ತಿರುಗಿಸಿದರೆ ದಾರ ಪಕ್ಕದಿಂದ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ, ಮತ್ತೆ ನೇರಕ್ಕೆ ತಿರುಗಿಸಿ ಕೈಯಿಂದ ಸುತ್ತಬೇಕು. ಹಲ್ಲುಚಕ್ರಗಳ ಗೊಡವೆಯಿಲ್ಲದ್ದರಿಂದ ಮರಳು ಹೊಕ್ಕರೂ ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಈ ಬಗೆಯ ರೀಲಿನಲ್ಲಿ ದಾರ ಮುರಿ ಬೀಳುವುದು ಸಹಜವಾದ್ದರಿಂದ ಕೊಕ್ಕೆಯ ಮೇಲ್ಗಡೆ ಸ್ವಿವೆಲ್ ಎಂಬ ತಿರುಗುವ ಕೊಂಡಿ ಇರಲೇಬೇಕು. ಅದರ ಮೇಲೆ ದಾರದಲ್ಲಿ ಸರಿದಾಡುವ ಸೀಸದ ಗುಂಡು, ಕೆಳಗೆ ಮೊಳದುದ್ದದ ತೆಳುದಾರ, ತುದಿಗೆ ಸಣ್ಣ ಕೊಕ್ಕೆ. ಗುಂಡಿನ ತೂಕದಲ್ಲಿ ಮಾತ್ರ ಭಾವ ಬಹಳ ಕಟ್ಟುನಿಟ್ಟು. ಎರೆ ಒಂದೇ ಕಡೆ ಹೂತು ಕೂರಬಾರದು, ದಡಕ್ಕೂ ಬಂದು ಬೀಳಬಾರದು. ಅಲೆಯೊಂದಿಗೆ ಓಣಿಯ ತಳದಲ್ಲಿ ನಿಧಾನವಾಗಿ ಉರುಳಬೇಕು. ನೀರಿನ ಎಳೆತ ಹೆಚ್ಚಿದಂತೆ ಅವರು ಆ ಸಂಜೆ ಗುಂಡನ್ನು ಬದಲಿಸುತ್ತಲೇ ಇದ್ದರು.

ಮೇ ಕೊನೆಯ ಹೊತ್ತಿಗೆ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಸೂರ್ಯ ಬೆನ್ನ ಹಿಂದಿನ ಮರಳ ಗುಡ್ಡಗಳ ಮೇಲೆ ಇಳಿದಾಗ ಆ ಗುಡ್ಡಗಳ ನೆರಳು ತೀರವನ್ನು ದಾಟಿ ನೀರಿನ ಮೇಲೆ ಹಾಯತೊಡಗಿತು, ಉಬ್ಬರವೂ ಓಣಿಯನ್ನು ಮುಕ್ಕಾಲು ತುಂಬಿತ್ತು. ನಮ್ಮಿಂದ ಸ್ವಲ್ಪ ದೂರದಲ್ಲಿ ಇಬ್ಬರು ಯುವಕರು ತೊಡೆಯುದ್ದ ನೀರಿಗಿಳಿದು, ಉದ್ದನೆಯ ಕೋಲುಗಳಿಂದ ಹೊರಗಿನ ದಂಡೆಯ ಆಚೆಗೆ ಎಸೆಯುತ್ತಿದ್ದರು. ಟೇಲರ್ ಮೀನನ್ನೋ ಆಸ್ಟ್ರೇಲಿಯನ್ ಸಾಲ್ಮನ್ ಅನ್ನೋ ಬಯಸಿದವರಿಗೆ ಅದು ಸರಿಯಾದ ಕ್ರಮವೇ ಇರಬಹುದು. ಬ್ರೀಮ್ ಬಯಸುವವನು ಹಾಗೆ ಮಾಡಿದರೆ ಮೀನು ಮೇಯುವ ಓಣಿಯಲ್ಲಿ ತಾನು ನಿಂತು, ಮೀನಿಲ್ಲದ ಕಡೆ ಎರೆಯನ್ನು ಕಳಿಸಿದಂತಾಗುತ್ತದೆ. ತೀರದ ಗಾಳವೆಂದರೆ ತೋಳ್ಬಲ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಅಂಗಡಿಗಳು ಮೊದಲು ಮಾರುವುದೇ ನಾಲ್ಕು ಮೀಟರ್ ಕೋಲನ್ನು. ಭಾವ ಒಣ ಮರಳಿನಲ್ಲೇ ನಿಂತು, ಕಾಲಬುಡದಲ್ಲಿ ಮುರಿಯುವ ಅಲೆಯ ಆಚೆಗೆ, ಹದಿನೈದು ಇಪ್ಪತ್ತು ಮೀಟರ್ ದೂರಕ್ಕೆ ಮೆಲ್ಲಗೆ ಎಸೆದರು. ನಾನೂ ಹಾಗೆಯೇ ಎಸೆದೆ.

ಬ್ರೀಮ್ ಎರೆಯನ್ನು ಒಮ್ಮೆಗೇ ನುಂಗುವುದಿಲ್ಲ. ಬಾಗಿಲನ್ನು ಎರಡು ಬೆರಳಿನಿಂದ ತಟ್ಟಿದಂತೆ ದಾರದಲ್ಲಿ ಎರಡು ಸಣ್ಣ ಬಡಿತ ಬಂದು ನಿಲ್ಲುತ್ತದೆ. ಆಗ ಎಳೆದರೆ ಬರಿಯ ಕೊಕ್ಕೆ ಬರುತ್ತದೆ. ದಾರವನ್ನು ಬೆರಳಿನ ಮೇಲೆ ಹಿಡಿದು, ಒಂದು ಗೇಣು ಸಡಿಲ ಕೊಟ್ಟು ಕಾದಾಗ ಮೀನು ಎರೆಯನ್ನು ಕಚ್ಚಿಕೊಂಡು ಹೊರಡುತ್ತದೆ. ಗುಂಡು ದಾರದ ಮೇಲೆ ಸರಿದಾಡುವಂತಿರುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ. ನನ್ನ ದಾರ ಹಾಗೆ ಬೆರಳಿನಿಂದ ಜಾರತೊಡಗಿದಾಗ, "ಈಗ ಎತ್ತು, ಸಾಕು," ಎಂದು ಭಾವ ಅಂದರು. ಕೋಲೆತ್ತಿದೆ. ಮೀನು ಓಣಿಯ ಉದ್ದಕ್ಕೆ ಬಲಗಡೆ ಓಡಿತು, ತಲೆಯನ್ನು ಕೊಡವುತ್ತ ಮರಳಿತು, ದಡದ ಅಲೆಯ ಹತ್ತಿರ ಬಂದ ಮೇಲೆ ಮತ್ತೆ ತಳಕ್ಕೆ ಇಳಿಯಿತು. ಅಲೆ ಹಿಂದೆ ಸರಿಯುವಾಗ ನೀರಿನ ಭಾರವೆಲ್ಲ ಮೀನಿನ ಪಕ್ಷಕ್ಕೆ ಸೇರುವುದರಿಂದ ಆಗ ಬಿಟ್ಟುಕೊಡಬೇಕು. ಮುಂದಿನ ಅಲೆ ಏರುವಾಗ ಅದರ ಜೊತೆಯಲ್ಲೇ ನಾಲ್ಕು ಹೆಜ್ಜೆ ಹಿಂದೆ ನಡೆದರೆ ಅಲೆಯೇ ಮೀನನ್ನು ಮರಳಿನ ಮೇಲೆ ತಂದಿಡುತ್ತದೆ.

ಅಳಿವೆಯ ಬ್ರೀಮ್ ಕಂದುಛಾಯೆಯದ್ದಾಗಿರುತ್ತದೆ. ಕಡಲಿನದು ಬೆಳ್ಳಿಯ ಬಣ್ಣಕ್ಕೆ ತಿರುಗಿರುತ್ತದೆ, ಕೆಳಗಿನ ರೆಕ್ಕೆಗಳ ಹಳದಿ ಅದಕ್ಕೇ ಎದ್ದು ಕಾಣುತ್ತದೆ. ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿ ಮಲಗಿಸಿ ಹಿಡಿಯದಿದ್ದರೆ ಅಂಗೈ ಸೀಳುತ್ತದೆ. ಇಲ್ಲಿ ಕನಿಷ್ಠ ಅಳತೆ 25 ಸೆಂಟಿಮೀಟರ್, ಒಬ್ಬರಿಗೆ 10ರ ಮಿತಿ. ನನ್ನದು 31 ಇತ್ತು. ನಿಧಾನವಾಗಿ ಬೆಳೆಯುವ ಈ ಮೀನಿಗೆ ಕನಿಷ್ಠ ಅಳತೆಯ ಹತ್ತಿರ ಬರುವುದಕ್ಕೇ ಸುಮಾರು ಐದು ವರ್ಷ ಬೇಕು. ಆಮೇಲೆ ಭಾವನಿಗೆ ಸಿಕ್ಕಿದ ಒಂದು ಮೀನು 40ನ್ನೂ ಮೀರಿತ್ತು. ಮೊದಲು ಗಂಡಾಗಿ ಬಲಿಯುವ ಬ್ರೀಮ್‌ಗಳಲ್ಲಿ ಹಲವು ಮುಂದೆ ಹೆಣ್ಣಾಗಿ ಮಾರ್ಪಡುತ್ತವಾದ್ದರಿಂದ ಅಷ್ಟು ದೊಡ್ಡದು ಮೊಟ್ಟೆ ತುಂಬಿದ ಹೆಣ್ಣಾಗಿರುವ ಸಂಭವ ಹೆಚ್ಚು. ಅವರು ಅದನ್ನು ಅಳೆದದ್ದಷ್ಟೇ, ಮೊಣಕಾಲುದ್ದ ನೀರಿಗೆ ಇಳಿದು ಬಿಟ್ಟುಬಂದರು. ಕಾನೂನು ಹಾಗೆ ಬಿಡು ಎನ್ನುವುದಿಲ್ಲ. ಮೊಟ್ಟೆಯಿಡಲು ಹೊರಟದ್ದನ್ನು ಸಾರಿಗೆ ಹಾಕುವುದು ಅವರಿಗೆ ಸೇರದು. ಇನ್ನೊಂದು ಸಣ್ಣ ಮೀನು ಕೊಕ್ಕೆಯನ್ನು ಗಂಟಲಿನಾಳಕ್ಕೆ ನುಂಗಿತ್ತು. ಕೊಕ್ಕೆಯನ್ನು ಕೀಳುವುದಕ್ಕೆ ಹೋಗದೆ ಬಾಯಿಯ ಬಳಿಯೇ ದಾರ ಕತ್ತರಿಸಿ ಬಿಟ್ಟೆವು. ಹಾಗೆ ಬಿಟ್ಟಾಗ ಬದುಕುವ ಮೀನುಗಳೇ ಹೆಚ್ಚು.

ಕತ್ತಲಾದ ಮೇಲೆ ಉಬ್ಬರದ ನೆತ್ತಿಯ ತನಕ ಬಡಿತಗಳು ಬರುತ್ತಲೇ ಇದ್ದವು. ಓಣಿಯ ಮುಚ್ಚಿದ ತುದಿಯಲ್ಲೇ ಹೆಚ್ಚು ಸಿಕ್ಕಿದ್ದು ಭಾವನ ಲೆಕ್ಕಕ್ಕೆ ಸಂದ ಗೆಲುವು. ಹುಳುವಿಗೆ ಬಂದಷ್ಟು ಮೀನು ಪಿಪಿಗೆ ಬರಲಿಲ್ಲ, ಆದರೆ ಪಿಪಿಗೆ ಬಂದವು ಗಾತ್ರದಲ್ಲಿ ದೊಡ್ಡವು. ನೀರು ತಿರುಗಿ ಇಳಿಯತೊಡಗಿದ ಮೇಲೆ ಎಲ್ಲವೂ ಒಮ್ಮೆಗೇ ನಿಂತಿತು, ನಾವು ಸಾಮಾನು ಕಟ್ಟಿದೆವು.

ಮನೆಯ ಹಿತ್ತಿಲಿನ ನಲ್ಲಿಯ ಕೆಳಗೆ ಮೀನು ಹಸನು ಮಾಡುವಾಗ ಭಾವ ಒಂದರ ಹೊಟ್ಟೆಯನ್ನು ಬಗೆದು ತೋರಿಸಿದರು. ಪುಡಿಪುಡಿಯಾದ ಪಿಪಿಯ ಚಿಪ್ಪುಗಳು, ಏಡಿಯ ಒಂದು ಕಾಲು, ಹುಳುವಿನ ಸುಳಿವಿಲ್ಲ. ಆ ಚಿಪ್ಪನ್ನು ಅರೆಯುವ ದುಂಡು ದವಡೆಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಹರಳುಗಳ ಸಾಲನ್ನು ಮುಟ್ಟಿದ ಹಾಗೆ ಗಟ್ಟಿಯಾಗಿದ್ದವು. "ನೋಡು, ಇನ್ನು ಮೇಲೆ ಪಿಪಿ ಒಂದೇ ಸಾಕು. ಆ ನಾತದ ಚೀಲ ಹೊತ್ಕೊಂಡು ಹೋಗೋದು ಬೇಡ," ಎಂದರು ಭಾವ. ಅಡುಗೆಮನೆಯ ಕಿಟಕಿಯಿಂದ ಅಕ್ಕನ ಒಪ್ಪಿಗೆಯೂ ಕೂಡಲೇ ಬಂತು. ನಾನು ಮಾತ್ರ ಒಪ್ಪಲಿಲ್ಲ. ಹುಳು ಕುತ್ತಿಗೆ ಬಾಗಿಸುವ ಆ ಕ್ಷಣಕ್ಕೆ ಸರಿಯಾಗಿ ಬೆರಳು ಮುಚ್ಚುವುದು ನನಗಿನ್ನೂ ಕೈಗೂಡಿಲ್ಲ, ಚೀಲವನ್ನು ನಾನೇ ಹೊರುತ್ತೇನೆಂದು ಹೇಳಿದ್ದೇನೆ.