ಗೋಸ್ಲಾರ್‌ಗೆ ಹೋದರೆ ಮೊದಲು ಗಣಿಗೆ ಇಳಿಯಿರಿ

ಚಕ್ರದ ಸೂಟ್‌ಕೇಸ್ ಒಯ್ಯಬೇಡಿ. ಗೋಸ್ಲಾರ್ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ನಿಲ್ದಾಣದಿಂದ ಊರಿನ ಚೌಕಕ್ಕೆ ಹತ್ತು ಹನ್ನೆರಡು ನಿಮಿಷದ ನಡಿಗೆ, ಆಟೋ ಹುಡುಕುವಷ್ಟೂ ದೂರವಿಲ್ಲ. ಆದರೆ ಸ್ವಲ್ಪ ಮುಂದೆ ಹೋದರೆ ಸಪಾಟು ದಾರಿ ಮುಗಿದು ಗುಂಡುಕಲ್ಲು ಹಾಸಿದ ಬೀದಿ ಶುರುವಾಗುತ್ತದೆ. ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನ ಎರಡು ದೊಡ್ಡ ಪೆಟ್ಟಿಗೆ ನಾನು ಎಳೆಯುತ್ತಿದ್ದ ಸದ್ದಿಗೆ ಕಿಟಕಿಯಲ್ಲಿ ಒಬ್ಬ ಅಜ್ಜಿ ಪರದೆ ಸರಿಸಿ ನೋಡಿದರು. ಮರುದಿನ ನೋಡಿದರೆ ಒಂದು ಚಕ್ರ ಕಳಚಿತ್ತು. ಬೆನ್ನಿಗೆ ಹಾಕುವ ಚೀಲ ತನ್ನಿ. ಮಂಡಿ ನೋವಿರುವವರ ಜೊತೆ ಹೋಗುವುದಾದರೆ ದಪ್ಪ ಅಟ್ಟೆಯ ಶೂ ಹಾಕಿಸಿ; ಮಳೆ ಬಿದ್ದ ಮೇಲೆ ಆ ಕಲ್ಲುಗಳು ಪಾಚಿ ಹಿಡಿದ ಬಚ್ಚಲಿನಂತೆ ಜಾರುತ್ತವೆ.

ಗೋಸ್ಲಾರ್ ಇರುವುದು ಉತ್ತರ ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನ ಬುಡದಲ್ಲಿ. ನಾನಿರುವ ಹ್ಯಾನೋವರ್‌ನಿಂದ ಸಾಮಾನ್ಯ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಹಿಲ್ಡೆಸ್‌ಹೈಮ್ ಮೇಲೆ ಹೋಗುತ್ತದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬಂದು ಇಳಿಯುವವರು ವೇಗದ ರೈಲು ಹಿಡಿದು ಗೊಟ್ಟಿಂಗೆನ್ ಅಥವಾ ಹ್ಯಾನೋವರ್‌ನಲ್ಲಿ ಬದಲಿಸಬೇಕು. ಇಬ್ಬರು ಮೂವರು ಒಟ್ಟಿಗಿದ್ದರೆ ರಾಜ್ಯದ ದಿನದ ಟಿಕೆಟ್, ಅಂದರೆ ನೀಡರ್‌ಸಾಕ್ಸೆನ್ ಟಿಕೆಟ್, ಅಗ್ಗ. ಐದು ಜನರವರೆಗೆ ಒಂದೇ ಟಿಕೆಟ್ ಸಾಕು, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೊದಲು ಅದು ನಡೆಯುವುದಿಲ್ಲ, ವೇಗದ ರೈಲುಗಳಲ್ಲಂತೂ ಇಲ್ಲವೇ ಇಲ್ಲ. ಇಲ್ಲೇ ವಾಸವಿರುವವರ ಬಳಿ ದೇಶದ ಸಾಮಾನ್ಯ ರೈಲುಗಳಲ್ಲೆಲ್ಲ ನಡೆಯುವ ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಇದ್ದರೆ ಬೇರೆ ಯೋಚನೆಯೇ ಬೇಡ.

ಈ ಊರಿಗೆ ನಾನು ಮೊದಲ ಸಲ ಹೋಗಿದ್ದು ಒಂದು ಬೇಸಿಗೆಯ ಶನಿವಾರ, ಎಲ್ಲರೂ ಹೋಗುವ ಹಾಗೆ. ಬೆಳಿಗ್ಗೆ ಹೋಗಿ, ಚೌಕದಲ್ಲಿ ಫೋಟೋ ತೆಗೆದು, ಕೇಕ್ ತಿಂದು, ಸಂಜೆ ವಾಪಸ್. ಚೆನ್ನಾಗಿತ್ತು, ಅಷ್ಟೇ. ಎರಡನೇ ಸಲ ಅಪ್ಪ ಅಮ್ಮನ ಜೊತೆ ಅಕ್ಟೋಬರ್‌ನಲ್ಲಿ ಮೂರು ರಾತ್ರಿ ಉಳಿದೆವು. ಮೊದಲ ದಿನವೇ ಮಳೆ ಹಿಡಿಯಿತು. ಬೀದಿ ಸುತ್ತುವ ಹಾಗಿಲ್ಲ, ಸೂರಿನ ಕೆಳಗೆ ನೋಡುವಂಥದ್ದು ಏನಿದೆ ಎಂದು ಹುಡುಕಿ ರಾಮ್ಮೆಲ್ಸ್‌ಬೆರ್ಗ್ ಗಣಿಗೆ ಹೋದೆವು. ಮಳೆ ಬಾರದಿದ್ದರೆ ಈ ಸಲವೂ ಊರು ನನಗೆ ಅರ್ಥವಾಗುತ್ತಿರಲಿಲ್ಲ.

ಚೌಕದಿಂದ ಗಣಿಗೆ ಅರ್ಧ ಗಂಟೆಯ ಏರುದಾರಿ, ಊರಿನ ಬಸ್ಸೂ ಹೋಗುತ್ತದೆ. ದೂರದಿಂದ ಕಾಣುವುದು ಬೆಟ್ಟದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಅಂಟಿಸಿದ ಭಾರೀ ಕಟ್ಟಡ. 1930ರ ದಶಕದಲ್ಲಿ ಕಟ್ಟಿದ ಅದಿರು ಬೇರ್ಪಡಿಸುವ ಕಾರ್ಖಾನೆ ಅದು: ಅದಿರು ಮೇಲಿಂದ ಹಂತ ಹಂತವಾಗಿ ಕೆಳಗಿಳಿಯುತ್ತಾ ಪುಡಿಯಾಗಿ, ಬೇರೆಯಾಗಿ ಹೊರಬರುತ್ತಿತ್ತು. ಈ ಗಣಿಯ ಹೆಸರು ದಾಖಲೆಗಳಲ್ಲಿ ಸಿಗುವುದು 10ನೇ ಶತಮಾನದಿಂದ. ಬೆಳ್ಳಿ, ತಾಮ್ರ, ಸೀಸ, ಸತು ಎಲ್ಲವನ್ನೂ ಸಾವಿರ ವರ್ಷ ತೆಗೆದು, ಅದಿರು ತೀರಿಹೋದ ಮೇಲೆ 1988ರ ಜೂನ್ 30ರಂದು ಬಾಗಿಲು ಹಾಕಿದರು. ನಾಲ್ಕೇ ವರ್ಷದಲ್ಲಿ, 1992ರಲ್ಲಿ, ಗಣಿ ಮತ್ತು ಹಳೆಯ ಊರು ಎರಡೂ ಸೇರಿ ಯುನೆಸ್ಕೋ ಪಟ್ಟಿಗೆ ಬಂದವು.

ಒಳಗೆ ಇಳಿಯಲು ಬೇರೆ ಬೇರೆ ಪ್ರವಾಸಗಳಿವೆ. ಸ್ವಂತವಾಗಿ ಸುತ್ತಲು ಬಿಡುವುದಿಲ್ಲ, ಹೆಲ್ಮೆಟ್ ಹಾಕಿಕೊಂಡು ಮಾರ್ಗದರ್ಶಕರ ಹಿಂದೆಯೇ ಹೋಗಬೇಕು. ರೋಡರ್ ಸುರಂಗದ ಪ್ರವಾಸ ಎಲ್ಲಕ್ಕಿಂತ ಒಳ್ಳೆಯದು: ಸುಮಾರು 200 ವರ್ಷ ಹಿಂದೆ ನೆಲದಡಿಯಲ್ಲಿ ನೀರು ಹರಿಸಿ, ಅದರಿಂದ ದೈತ್ಯ ಮರದ ಚಕ್ರಗಳನ್ನು ತಿರುಗಿಸಿ, ಆ ಬಲದಿಂದಲೇ ಆಳದ ನೀರನ್ನೂ ಅದಿರನ್ನೂ ಮೇಲೆತ್ತುತ್ತಿದ್ದ ವ್ಯವಸ್ಥೆ. ಗೋಡೆಗಳ ಮೇಲೆ ಲೋಹದ ಉಪ್ಪುಗಳು ಹಸಿರು ನೀಲಿಯಾಗಿ ಒಸರಿ ಗಟ್ಟಿಯಾಗಿವೆ. ಆದರೆ ಕಿರಿದಾದ ಮೆಟ್ಟಿಲು ಬಹಳ. ಅಮ್ಮನ ಮಂಡಿಗೆ ಅದು ಆಗದು ಎಂದು ನಾವು ಇಬ್ಭಾಗವಾದೆವು. ಅಮ್ಮ ಮತ್ತು ನಾನು ಗಣಿಯ ಪುಟ್ಟ ರೈಲಿನಲ್ಲಿ ಕೂತು ಹೋಗುವ ಪ್ರವಾಸಕ್ಕೆ, ಅಪ್ಪ ಸುರಂಗಕ್ಕೆ. ಮರುದಿನ ನಾನೂ ಸುರಂಗಕ್ಕೆ ಹೋಗಿಬಂದೆ. ಬೇಸಿಗೆಯಲ್ಲೂ ಒಳಗೆ ಚಳಿ, ಸ್ವೆಟರ್ ಬೇಕು. ವಿವರಣೆ ಹೆಚ್ಚಾಗಿ ಜರ್ಮನ್‌ನಲ್ಲೇ. ಇಂಗ್ಲಿಷ್ ಬೇಕಿದ್ದರೆ ಮೊದಲೇ ಬರೆದು ಕೇಳಿ. ಮಧ್ಯಾಹ್ನದ ಊಟ ಮುಗಿಸಿ ನಿಧಾನಕ್ಕೆ ಹೊರಟರೆ ಕೊನೆಯ ಪ್ರವಾಸ ತಪ್ಪಬಹುದು, ಬೆಳಿಗ್ಗೆಯೇ ಹೋಗಿ.

ಅಲ್ಲಿ ಕೇಳಿದ್ದರಲ್ಲಿ ನನಗೆ ಮರೆಯದ ಸಂಗತಿ ಬೆಂಕಿಯದು. ಸಿಡಿಮದ್ದು ಬರುವ ಮೊದಲು ಇಲ್ಲಿ ಬಂಡೆ ಒಡೆಯುತ್ತಿದ್ದುದು ಸೌದೆಯಿಂದ. ವಾರದ ಕೊನೆಗೆ ಬಂಡೆಯ ಮುಖಕ್ಕೆ ಸೌದೆ ಒಟ್ಟಿ ಬೆಂಕಿ ಹಚ್ಚಿ ಎಲ್ಲರೂ ಮೇಲೆ ಬಂದುಬಿಡುತ್ತಿದ್ದರು. ಕಾದು ಬಿರುಕು ಬಿಟ್ಟ ಬಂಡೆಯನ್ನು ಸೋಮವಾರ ಹೋಗಿ ಕೆಡವುವುದು. ಅದಿರು ಕರಗಿಸುವುದಕ್ಕೆ ಇನ್ನಷ್ಟು ಇದ್ದಿಲು, ಸುರಂಗಕ್ಕೆ ಆಸರೆ ಕೊಡಲು ಇನ್ನಷ್ಟು ಮರ. ಸುತ್ತಲ ಕಾಡನ್ನು ಗಣಿ ನುಂಗಿತು. ಬೋಳಾದ ಬೆಟ್ಟಕ್ಕೆ ಬೇಗ ಬೆಳೆಯುವ ಸ್ಪ್ರೂಸ್ ಮರವೊಂದನ್ನೇ ಸಾಲು ಸಾಲಾಗಿ ನೆಟ್ಟರು. ಅದರ ಫಲ ಏನಾಯಿತೆಂದು ಮೂರನೇ ದಿನ ನೋಡಿದೆವು, ಅದಕ್ಕೆ ಆಮೇಲೆ ಬರುತ್ತೇನೆ.

ಅಪ್ಪ ಬ್ಯಾಂಕ್ ಕೆಲಸದಲ್ಲಿ ಎರಡು ವರ್ಷ ಕೆಜಿಎಫ್‌ನಲ್ಲಿ ಇದ್ದವರು. ಗಣಿಯಿಂದ ಹೊರಬಂದು ಬೆಂಚಿನ ಮೇಲೆ ಕೂತಾಗ ಅವರು ಹೆಚ್ಚು ಮಾತಾಡಲಿಲ್ಲ. 2001ರಲ್ಲಿ ಕೋಲಾರದ ಗಣಿ ಮುಚ್ಚಿದಾಗ ಅಲ್ಲಿಯ ಕಾಲೊನಿಗಳೂ ಸೈನೈಡ್ ದಿಬ್ಬಗಳೂ ಹಾಗೆಯೇ ಬಿದ್ದುಕೊಂಡವು. ಇಲ್ಲಿ ಕಾರ್ಮಿಕರು ಬಟ್ಟೆ ಬದಲಿಸಿ ಸರಪಳಿಯಲ್ಲಿ ಮೇಲಕ್ಕೆ ನೇತುಹಾಕುತ್ತಿದ್ದ ಕೋಣೆಯನ್ನೂ ಉಳಿಸಿಕೊಂಡಿದ್ದಾರೆ. "ನಮ್ಮದೂ ಇದಕ್ಕಿಂತ ಆಳ ಇತ್ತು" ಎಂದಷ್ಟೇ ಹೇಳಿ ಎದ್ದರು.

ಗಣಿ ನೋಡಿ ಚೌಕಕ್ಕೆ ಇಳಿದರೆ ಅದೇ ಚೌಕ ಬೇರೆಯಾಗಿ ಕಾಣುತ್ತದೆ. ನಡುವೆ ಕಾರಂಜಿ, ಅದರ ತುದಿಗೆ ಚಿನ್ನದ ಬಣ್ಣದ ಹದ್ದು. ಪಕ್ಕದ ಕಟ್ಟಡದಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12, 3 ಮತ್ತು ಸಂಜೆ 6ಕ್ಕೆ ಗಂಟೆಗಳು ಹಾಡಿ ಬೊಂಬೆಗಳು ಮೆರವಣಿಗೆ ಹೊರಡುತ್ತವೆ. ಮೊದಲ ಸಲ ನಾನು ಅವನ್ನು ಮಕ್ಕಳ ಆಟ ಎಂದುಕೊಂಡಿದ್ದೆ. ಅದು ಗಣಿಯ ಕಥೆ: ರಾಮ್ ಎಂಬ ಸವಾರ ಬೇಟೆಗೆ ಹೋದಾಗ ಮರಕ್ಕೆ ಕಟ್ಟಿದ ಕುದುರೆ ಬೇಸರದಿಂದ ಗೊರಸಿನಲ್ಲಿ ನೆಲ ಕೆದಕಿ ಅದಿರು ತೋರಿಸಿತು ಎಂಬ ದಂತಕಥೆಯಿಂದ ಹಿಡಿದು ಈಚಿನ ಕಾರ್ಮಿಕರವರೆಗೆ. 1494ರಲ್ಲಿ ಬಟ್ಟೆ ವ್ಯಾಪಾರಿಗಳ ಸಂಘ ಕಟ್ಟಿಸಿದ ಕೈಸರ್‌ವರ್ಥ್ ಕಟ್ಟಡದ ಮೂಲೆಯಲ್ಲಿ ಒಬ್ಬ ಬೆತ್ತಲೆ ಪುಟ್ಟ ಮನುಷ್ಯ ಕುಕ್ಕರಗಾಲಲ್ಲಿ ಕೂತು ಚಿನ್ನದ ನಾಣ್ಯ ಹೇಲುತ್ತಿದ್ದಾನೆ. ಇದಕ್ಕಿಂತ ಸಭ್ಯ ಮಾತು ಆ ಶಿಲ್ಪಕ್ಕೆ ಒಪ್ಪುವುದಿಲ್ಲ. ಅಲ್ಲಿಂದ ಎರಡು ಹೆಜ್ಜೆ ದೂರದಲ್ಲಿ, 16ನೇ ಶತಮಾನದ ಬ್ರುಸ್ಟ್‌ಟೂಖ್ ಮನೆಯ ಮರಗೆತ್ತನೆಯಲ್ಲಿ ಬೆಣ್ಣೆ ಕಡೆಯುತ್ತಾ ಲಂಗ ಎತ್ತಿ ತನ್ನ ಹಿಂಭಾಗ ತೋರಿಸುವ ಹೆಂಗಸಿದ್ದಾಳೆ. ಅಮ್ಮ ಇಬ್ಬರನ್ನೂ ನೋಡಿ, "ನಮ್ಮ ದೇವಸ್ಥಾನದ ಹೊರಗೋಡೆ ನೋಡಿದವರಿಗೆ ಇದೇನು ಹೊಸದಲ್ಲ" ಎಂದರು.

ಊರಿನಲ್ಲಿ 1500ಕ್ಕೂ ಹೆಚ್ಚು ಮರದ ಚೌಕಟ್ಟಿನ ಮನೆಗಳಿವೆ. ಇಷ್ಟು ಹೇಗೆ ಉಳಿದವು? ಶ್ರೀಮಂತಿಕೆಯಿಂದ ಅಲ್ಲ, ಬಡತನದಿಂದ. 1552ರಲ್ಲಿ ಬ್ರೌನ್‌ಶ್ವೈಗ್‌ನ ಡ್ಯೂಕ್ ಮುಂದೆ ಸೋತು ಊರು ತನ್ನ ಗಣಿ ಮತ್ತು ಕಾಡಿನ ಮೇಲಿನ ಹಿಡಿತ ಕಳೆದುಕೊಂಡಿತು. ಕೈಯಲ್ಲಿ ಹಣವಿದ್ದ ಊರುಗಳು ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತವೆ. ಗೋಸ್ಲಾರ್‌ಗೆ ಆ ಭಾಗ್ಯ ಇರಲಿಲ್ಲ. ಎರಡನೇ ಮಹಾಯುದ್ಧದ ಬಾಂಬುಗಳೂ ಇದನ್ನು ಬಿಟ್ಟವು. ರೈಲಿನಲ್ಲಿ ಬರುವಾಗ ಸಿಗುವ ಹಿಲ್ಡೆಸ್‌ಹೈಮ್‌ನ ಹಳೆಯ ಊರು 1945ರ ಮಾರ್ಚ್ 22ರ ಒಂದೇ ದಿನ ಸುಟ್ಟುಹೋಯಿತು, ಅಲ್ಲಿಯ ಚೌಕದ ಚೆಲುವೆಲ್ಲ ಮತ್ತೆ ಕಟ್ಟಿದ್ದು. ಸಮಯವಿದ್ದರೆ ಎರಡನ್ನೂ ನೋಡಿ, ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಚೌಕದ ಸುತ್ತಲೇ ತಿರುಗಬೇಡಿ. ಪಶ್ಚಿಮಕ್ಕೆ ಫ್ರಾಂಕೆನ್‌ಬೆರ್ಗ್ ಕಡೆ ನಡೆದರೆ ಗಣಿ ಕಾರ್ಮಿಕರ ಕೇರಿ: ತಗ್ಗಾದ ಬಾಗಿಲು, ಸ್ಲೇಟ್ ಕಲ್ಲಿನ ಚೂರುಗಳನ್ನು ಮೀನಿನ ಹುರುಪೆಯಂತೆ ಹೊದಿಸಿದ ಗೋಡೆ, ಅವರದ್ದೇ ಚರ್ಚು. ಪ್ರವಾಸಿಗರು ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಸೀಮೆನ್ಸ್ ಕಂಪನಿ ಕಟ್ಟಿದ ಮನೆತನದ ಪೂರ್ವಜರ 1693ರ ಮನೆಯೂ ಊರಿನಲ್ಲಿದೆ, ಹೊರಗಿನಿಂದ ನೋಡಿದರೆ ಸಾಕು.

ಮಧ್ಯಯುಗದ ಜರ್ಮನ್ ಚಕ್ರವರ್ತಿಗಳ ಅರಮನೆ ಕೈಸರ್‌ಫಾಲ್ಟ್ಸ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. 11ನೇ ಶತಮಾನದ ಕಟ್ಟಡ ನಿಜ, ಆದರೆ ಹಾಳುಬಿದ್ದಿದ್ದನ್ನು 19ನೇ ಶತಮಾನದಲ್ಲಿ ತಮಗೆ ಬೇಕಾದಂತೆ ಎತ್ತಿ ನಿಲ್ಲಿಸಿದ್ದಾರೆ. ಒಳಗಿನ ದೊಡ್ಡ ಸಭಾಂಗಣದ ಗೋಡೆ ತುಂಬಾ ಹರ್ಮನ್ ವಿಸ್ಲಿಸೆನಸ್ ಬರೆದ ಚಿತ್ರಗಳು. ಹಳೆಯ ಚಕ್ರವರ್ತಿಗಳಿಂದ ಆಗಿನ ಹೊಸ ಜರ್ಮನ್ ದೊರೆಯವರೆಗೆ ನೇರ ಗೆರೆ ಎಳೆಯುವ ಆಸ್ಥಾನ ಸ್ತುತಿ. ಅಲ್ಲಿ ಹತ್ತು ನಿಮಿಷ ಸಾಕು. ಪಕ್ಕದ ಸಣ್ಣ ಉಲ್ರಿಚ್ ಪ್ರಾರ್ಥನಾಲಯಕ್ಕೆ ಮಾತ್ರ ತಪ್ಪದೆ ಹೋಗಿ. ಚಕ್ರವರ್ತಿ ಮೂರನೇ ಹೆನ್ರಿಯ ದೇಹ ದೂರದ ಸ್ಪೈಯರ್‌ನಲ್ಲಿದೆ, ಹೃದಯ ಮಾತ್ರ ಇಲ್ಲಿ. ಎದುರಿಗೆ ಕಾರುಗಳನ್ನು ನಿಲ್ಲಿಸುವ ಜಾಗದಲ್ಲಿ ಅವನ ಮಹಾ ಚರ್ಚು ಇತ್ತು. 1819ರಲ್ಲಿ ಅದನ್ನು ಕೆಡವಲೆಂದೇ ಮಾರಿದರು, ಈಗ ಉಳಿದಿರುವುದು ಒಂದು ಮುಖಮಂಟಪ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಸ್ಪೆಟ್ಸ್ಲೆ (ಮೊಟ್ಟೆ ಕಲಸಿದ ಹಿಟ್ಟಿನ ದಪ್ಪ ಶ್ಯಾವಿಗೆಯಂಥದ್ದು), ಆಲೂಗಡ್ಡೆ, ಸಲಾಡ್, ಮತ್ತೆ ಆಲೂಗಡ್ಡೆ. ಸೂಪಿನಲ್ಲಿ ಮಾಂಸದ ರಸ ಇದೆಯೇ ಎಂದು ಕೇಳಿಯೇ ಬಿಡಿ. ನಾವು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಿದ್ದರಿಂದ ಅನ್ನ, ತಿಳಿಸಾರು, ಅಮ್ಮ ತಂದ ಚಟ್ನಿಪುಡಿಯಲ್ಲಿ ರಾತ್ರಿಗಳು ಸಲೀಸಾಗಿ ಕಳೆದವು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ಮೊಸರು ತಂದಿಡಿ. ಕೆಲವು ಸಣ್ಣ ಹೋಟೆಲುಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಜೇಬಿನಲ್ಲಿ ನಗದು ಇರಲಿ. ಹಾರ್ಟ್ಸ್ ಚೀಸ್ ಕೊಳ್ಳುವುದಾದರೆ ರೈಲಿನಲ್ಲಿ ಬಿಚ್ಚಬೇಡಿ. ಆ ವಾಸನೆಗೆ ಬೋಗಿಯೇ ಖಾಲಿಯಾದೀತು.

ಊರಿನ ಹೊಳೆ ಗೋಸೆ, ಅದರ ಹೆಸರಿನಲ್ಲೇ ಬಿಯರ್. ಉಪ್ಪು, ಕೊತ್ತಂಬರಿ ಬೀಜ ಹಾಕಿ ಹುಳಿ ಬರಿಸಿದ್ದು. ಜರ್ಮನ್ನರಿಗೇ ವಿಚಿತ್ರ ಅನಿಸುವ ಈ ರುಚಿಗೆ ಅಪ್ಪ ಮೊದಲ ಗುಟುಕಿಗೇ ಸೋತರು. "ಇದು ಮಜ್ಜಿಗೆ ಕಣೋ, ಸ್ವಲ್ಪ ದಾರಿ ತಪ್ಪಿದ್ದು" ಎಂದರು.

ಮೂರನೇ ದಿನ ಬ್ರೋಕೆನ್ ಶಿಖರ. 1141 ಮೀಟರ್, ಹಾರ್ಟ್ಸ್‌ನಲ್ಲಿ ಎಲ್ಲಕ್ಕಿಂತ ಎತ್ತರ. ಗೋಸ್ಲಾರ್‌ನಿಂದ ಮುಕ್ಕಾಲು ಗಂಟೆ ರೈಲಿನಲ್ಲಿ ವೆರ್ನಿಗೆರೋಡೆಗೆ ಹೋಗಿ, ಅಲ್ಲಿಂದ ಉಗಿಬಂಡಿ ಹಿಡಿಯಬೇಕು. ಹೋಗಿ ಬರಲು ಒಬ್ಬರಿಗೆ 50 ಯೂರೋ ದಾಟುತ್ತದೆ, ತಿಂಗಳ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ಕಾಲು ಗಟ್ಟಿ ಇರುವವರು ಟೋರ್ಫ್‌ಹೌಸ್‌ನಿಂದ ಎಂಟು ಕಿಲೋಮೀಟರ್ ನಡೆದು ಹತ್ತಬಹುದು. ಮಹಾಕವಿ ಗಯಟೆ 1777ರ ಡಿಸೆಂಬರ್ ಹಿಮದಲ್ಲಿ ಅಲ್ಲಿಂದಲೇ ಹತ್ತಿದ್ದ. ಜರ್ಮನಿ ಎರಡಾಗಿದ್ದ ಕಾಲದಲ್ಲಿ ಶಿಖರ ಪೂರ್ವದವರ ಸೇನೆಯ ಕೈಲಿತ್ತು, ಜನಸಾಮಾನ್ಯರಿಗೆ ಮತ್ತೆ ತೆರೆದಿದ್ದು 1989ರ ಡಿಸೆಂಬರ್ 3ರಂದು.

ರೈಲು ಏರುತ್ತಿದ್ದಂತೆ ಕಿಟಕಿಯಾಚೆ ಬೂದು ಕಂಬಗಳ ಕಾಡು. ಗಣಿಗಾಗಿ ಕಡಿದ ಜಾಗದಲ್ಲಿ ನೆಟ್ಟ ಸ್ಪ್ರೂಸ್ ಮರಗಳು 2018ರಿಂದ ಬಂದ ಬರಗಾಲಗಳಲ್ಲಿ ಸೊರಗಿ, ತೊಗಟೆ ಕೊರೆಯುವ ಹುಳಕ್ಕೆ ತುತ್ತಾಗಿ ನಿಂತಲ್ಲೇ ಸತ್ತಿವೆ. ಜಾಹೀರಾತಿನ ಹಸಿರು ಬೆಟ್ಟ ನಂಬಿಕೊಂಡು ಹೋದವರಿಗೆ ಆಘಾತವೇ. ಆದರೆ ಕೆಳಗೆ ಬರ್ಚ್ ಮತ್ತು ರೋವನ್ ಸಸಿಗಳು ಮೊಣಕಾಲೆತ್ತರ ಎದ್ದಿವೆ. ಮೇಲೆ ನಮಗೆ ಸಿಕ್ಕಿದ್ದು ಮಂಜು, ಗಾಳಿ ಮತ್ತು ಅಂಗಡಿಯಲ್ಲಿ ಪೊರಕೆ ಹತ್ತಿದ ಮಾಟಗಾತಿ ಬೊಂಬೆಗಳು. ವರ್ಷದ ಬಹುಪಾಲು ದಿನ ಅಲ್ಲಿ ಮಂಜೇ. ಟಿಕೆಟ್ ಕೊಳ್ಳುವ ಮುನ್ನ ಶಿಖರದ ಕ್ಯಾಮೆರಾ ಚಿತ್ರವನ್ನು ಫೋನಿನಲ್ಲಿ ನೋಡಿ, ನಾವು ನೋಡಲಿಲ್ಲ.

ಮಾಟಗಾತಿಯರೆಲ್ಲ ಬ್ರೋಕೆನ್ ಮೇಲೆ ಸೇರುತ್ತಾರೆಂಬ ನಂಬಿಕೆಯ ಹಬ್ಬ, ಮಾಟಗಾತಿಯರ ರಾತ್ರಿ, ಏಪ್ರಿಲ್ 30ಕ್ಕೆ; ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆ. ಈ ಎರಡು ಹೊತ್ತಿನಲ್ಲಿ ಕೋಣೆ ಸಿಗುವುದು ಕಷ್ಟ, ಬಾಡಿಗೆಯೂ ಏರುತ್ತದೆ. ಅಕ್ಟೋಬರ್‌ನಲ್ಲಿ ಸಂಜೆ ಆರಕ್ಕೆ ದಿನದ ಪ್ರವಾಸಿಗರೆಲ್ಲ ಹೊರಟ ಮೇಲೆ ಚೌಕದಲ್ಲಿ ನಾವು ಮೂವರೇ ಉಳಿದಿದ್ದೆವು. ಗಂಟೆ ಹಾಡಿತು, ರಾಮ್‌ನ ಕುದುರೆ ಹೊರಬಂತು. ಅಮ್ಮ ಛತ್ರಿ ಮಡಚಿ, "ನೋಡು, ಕೆದಕ್ತಾ ಇದೆ" ಎಂದು ಅಪ್ಪನಿಗೆ ತೋರಿಸಿದರು.