ಮನೋವಿಜ್ಞಾನ ಓದಿದರೆ ಪ್ರಾಧ್ಯಾಪಕರಾಗಬಹುದೇ?

"ಪದವಿಯಲ್ಲಿ ಮನೋವಿಜ್ಞಾನ ಓದಿದರೆ ಮುಂದೆ ಪಾಠ ಹೇಳಲು, ಸಂಶೋಧನೆ ಮಾಡಲು ಅಷ್ಟು ಸಾಕೇ?" ಈ ವಿಷಯ ಕಲಿಸುವ ನನಗೆ ಪ್ರವೇಶಾತಿಯ ದಿನಗಳಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಸಾಲದು. ಸ್ನಾತಕೋತ್ತರ ಪದವಿ, ಪಿಎಚ್‌.ಡಿ., ಆಮೇಲೆ ಕೆಲಸ ಖಾಯಂ ಆಗುವವರೆಗೆ ಕಾಯುವುದು, ಎಲ್ಲವೂ ಇದ್ದೇ ಇದೆ. ಗೊತ್ತಿದ್ದೂ ಕೇಳುತ್ತಾರೆ.

ಒಮ್ಮೆ ಮಗಳನ್ನು ಕರೆತಂದಿದ್ದ ತಂದೆಯೊಬ್ಬರು, "ಇವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಮೇಡಂ, ಅದಕ್ಕೇ ಇದನ್ನು ಆರಿಸಿದೆವು. ಹೇಗೂ ಲೆಕ್ಚರರ್ ಆಗಬಹುದಲ್ಲ" ಎಂದರು. ಹೇಗೂ! ಮೇಜಿನ ಮೇಲಿದ್ದ ಸಂಖ್ಯಾಶಾಸ್ತ್ರದ ಪಠ್ಯಪುಸ್ತಕವನ್ನು ಅವರತ್ತ ಸರಿಸಿದೆ. ಹುಡುಗಿ ನಾಲ್ಕು ಪುಟ ತಿರುವಿ ಅಪ್ಪನ ಮುಖ ನೋಡಿದಳು. ಆ ನೋಟವನ್ನು ಅರ್ಥ ಮಾಡಿಕೊಳ್ಳಲು ಯಾವ ಪದವಿಯೂ ಬೇಕಿರಲಿಲ್ಲ.

ಮನೋವಿಜ್ಞಾನದ ದಿಗ್ಗಜರಾದ ಫ್ರಾಯ್ಡ್, ಸ್ಕಿನ್ನರ್ ಹೇಳಿದ್ದೆಲ್ಲ ಪರೀಕ್ಷೆಯ ಮರುದಿನ ಮರೆತುಹೋದರೂ ನನಗೆ ಅಂಥ ಬೇಸರವಿಲ್ಲ. ನಿಜವಾದ ತಯಾರಿ ನಡೆಯುವುದು ಎಲ್ಲರೂ ಆಕಳಿಸುವ ಸಂಶೋಧನಾ ವಿಧಾನದ ತರಗತಿಯಲ್ಲಿ. ಅಮೆರಿಕದ ಮನೋವಿಜ್ಞಾನಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. 'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಸಮಯ ಅಳೆದು ಬರೆದುಕೊಳ್ಳುವುದು ಸುಲಭ. ಆದರೆ ಒಬ್ಬ ಮಹಾಶಯ ಎಲ್ಲೂ ತಡೆಯದೆ ಪಟಪಟನೆ ಹೇಳಿ ಎದ್ದುಹೋದರೆ? "ಇವನೊಬ್ಬನನ್ನು ಬಿಟ್ಟುಬಿಡೋಣ ಮೇಡಂ, ಸರಾಸರಿ ಕೆಡುತ್ತದೆ" ಎಂಬ ಬೇಡಿಕೆ ಬರುತ್ತದೆ. ಫಲಿತಾಂಶ ನೋಡಿದ ಮೇಲೆ ಬಿಡುವುದೇ? ಯಾರನ್ನು ಬಿಡಬೇಕು ಎಂಬ ನಿಯಮವನ್ನು ಮೊದಲೇ ಬರೆದಿಟ್ಟಿದ್ದಿರಾ? ತರಗತಿ ಮುಗಿದರೂ ಈ ಜಗಳ ಮುಗಿಯುವುದಿಲ್ಲ.

ಇದನ್ನು ಹುಡುಗರ ಚೇಷ್ಟೆ ಎಂದು ತಳ್ಳಿಹಾಕಬೇಡಿ. ಸಂಶೋಧಕರ ದೊಡ್ಡ ಗುಂಪೊಂದು ಮನೋವಿಜ್ಞಾನದ ಹೆಸರಾಂತ ಸಂಶೋಧನಾ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಎರಡನೇ ಸಲವೂ ನಿಂತವು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಮೊದಲು ಬರೆದವರು ಲೆಕ್ಕ ಬಾರದವರೇನಲ್ಲ.

ಹಾಗಾಗಿ, ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: "ನಿರೀಕ್ಷಿಸಿದ ಫಲಿತಾಂಶ ಬರದ ವರದಿಗೆ ನಿಮ್ಮ ವಿಭಾಗದಲ್ಲಿ ಅಂಕ ಕೊಡುತ್ತೀರಾ?" ಕೊಡದ ಕಡೆ ಮಕ್ಕಳು ಮೊದಲ ವರ್ಷದಲ್ಲೇ ಅಂಕಿ ತಿದ್ದುವುದನ್ನು ಕಲಿಯುತ್ತಾರೆ. ಅದೂ ಒಂದು ಬಗೆಯ ವೃತ್ತಿ ತರಬೇತಿಯೇ ಅನ್ನಿ. ನಾನು ಕೊಡುತ್ತೇನೆ, ಧಾರಾಳವಾಗಿ. ತಿದ್ದಿದವರು ಸಿಕ್ಕಿಬೀಳುವುದೂ ಸುಲಭ: ಇಡೀ ತರಗತಿಯಲ್ಲಿ ಅವರೊಬ್ಬರ ಅಂಕಿಗಳು ಮಾತ್ರ ಪಠ್ಯಪುಸ್ತಕದಷ್ಟು ಓರಣವಾಗಿರುತ್ತವೆ.